ಬೋರ್ಡಿಗೆ ಹೇಳಿದ ಪಾಠ

ಚಿಂತೆ ಮಾಡುವುದರಲ್ಲಿ ನನ್ನಷ್ಟು ಅನುಭವಸ್ಥರು ಹೊಸಪೇಟೆಯಲ್ಲಿ ಇರಲಾರರು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸಾದವನು ನಾನು. ಆದರೆ ಇಪ್ಪತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದರೂ ನನ್ನ ಪಾಠದ ಬಗ್ಗೆ ಮಾತ್ರ ಒಂದು ದಿನವೂ ಚಿಂತೆಯಾಗಿರಲಿಲ್ಲ. ನನ್ನ ದನಿ ಕಡೇ ಬೆಂಚು ದಾಟಿ ಕಾಲೇಜಿನ ಎದುರಿನ ಮಿರ್ಚಿ ಬಂಡಿಯವರೆಗೂ ಮುಟ್ಟುತ್ತದೆ, ಇನ್ನೇನು ಬೇಕು?

ಆ ಚಿಂತೆ ಹಚ್ಚಿದವರು ಪ್ರಿನ್ಸಿಪಾಲರು. ಆನ್‌ಲೈನಿಗೆಂದು ತರಗತಿಯಲ್ಲೇ ಹಿಡಿದ ನನ್ನ ಪಾಠದ ವಿಡಿಯೋಗಳಿಗೆ, ಆಡಿದ ಮಾತೆಲ್ಲ ಕೆಳಗೆ ಅಕ್ಷರದಲ್ಲಿ ಬರುವ ಹಾಗೆ ನಾನೇ ಟೈಪ್ ಮಾಡಬೇಕಂತೆ. "ಯಾರಿಗ್ರಿ ಸರ್?" ಎಂದೆ. "ರೇಣುಕಾಗ. ಆಕಿಗೆ ಕಿವಿ ಕೇಳಂಗಿಲ್ಲಲ್ರೀ. ನಿಮ್ಮ ಸಬ್ಜೆಕ್ಟೊಂದೇ ಪಾಸಾಗದ ಉಳಕೊಂಡೈತಿ, ಈ ಪರೀಕ್ಷೆನೇ ಕಡೇ ಅವಕಾಶ. ನಿಮಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಸಂಡೂರಿನಿಂದ ದಿನಾ ಬಸ್ಸಿಗೆ ಬಂದು, ಎರಡು ವರ್ಷವೂ ಮೊದಲ ಬೆಂಚಿನಲ್ಲೇ ಕೂತು, ನಾನು "ತಿಳೀತಲ್ಲ?" ಎಂದಾಗಲೆಲ್ಲ ತಲೆಯಾಡಿಸಿದ ಹುಡುಗಿ. 'ಪಾಠ ಕೇಳೋದಂದ್ರ ಆಕಿ ಹಂಗ ಕೇಳಬೇಕು' ಎಂದು ಸ್ಟಾಫ್ ರೂಮಿನಲ್ಲಿ ಹೊಗಳಿದ್ದೂ ಉಂಟು.

ಟೈಪ್ ಮಾಡಲು ಕೂತೆ. ಅರ್ಧ ಗಂಟೆಯ ಪಾಠದಲ್ಲಿ ಬೈಗುಳವೇ ಕಾಲುಭಾಗ. ಹದಿನೆಂಟನೇ ನಿಮಿಷಕ್ಕೆ ಬೋರ್ಡಿಗೆ ಮುಖವಿಟ್ಟೇ ಅವಳಿಗೆ ಒಂದು ಪ್ರಶ್ನೆ ಕೇಳಿದ್ದೇನೆ. ಆಮೇಲೆ ಅವಳ ಕಡೆ ತಿರುಗುತ್ತೇನೆ: "ಯಾಕವಾ, ಕಿವಿ ಸಂಡೂರು ಬಸ್ಸಿನಾಗ ಬಿಟ್ಟು ಬಂದೀಯೇನು?" ಕ್ಲಾಸೆಲ್ಲ ನಗುತ್ತದೆ. ಅವಳ ಜಡೆಯೂ ನಗುವಿಗೆ ಅಲುಗುತ್ತದೆ.

ಆ ಜಾಗದಲ್ಲಿ 'ನಗು' ಎಂದಷ್ಟೇ ಹಾಕಿದೆ. ಹಿಂದೆ ನಿಂತಿದ್ದ ಹೆಂಡತಿ, "ಬಾಯಿಗಿದ್ದ ಧೈರ್ಯ ಬೆರಳಿಗಿಲ್ಲೇನ್ರೀ?" ಎಂದಳು. ಕೇಳಿಸದವನಂತೆ ಕೂತೆ. ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದ ಭಾಗಕ್ಕೆ, ಆಡಿದ ಮಾತಿನ ಬದಲು ಪಠ್ಯಪುಸ್ತಕದ ನಾಲ್ಕು ಸಾಲು ಇಳಿಸಿ, ಕಳಿಸಿ, ಮೂರು ದಿನ ಚಿಂತೆ ಮಾಡಿದೆ.

ನಾಲ್ಕನೇ ದಿನ ರೇಣುಕಾಳ ಮೆಸೇಜು ಬಂತು: "ಸರ್, ಹದಿನೆಂಟನೇ ನಿಮಿಷದ ಮಾತು ನೀವು ಬರದಿಲ್ಲ. ಇರ್ಲಿ ಬಿಡ್ರಿ, ಅದು ನನಗ ಅವತ್ತೇ ಗೊತ್ತಾಗಿತ್ತು. ನಾನು ತುಟಿ ನೋಡಿ ತಿಳಕೋತೀನ್ರಿ. ನೀವು ಬೈಯಾಕ, 'ತಿಳೀತಲ್ಲ' ಅನ್ನಾಕ ಅಷ್ಟೇ ನಮ್ಮ ಕಡೆ ತಿರುಗ್ತಿದ್ರಿ. ಪುಸ್ತಕ ನನ್ನ ಹತ್ರಾನೂ ಐತಿ. ಬೋರ್ಡಿಗೆ ಮುಖ ಮಾಡಿ ಏನು ಹೇಳ್ತಿದ್ರಲ್ಲ, ಅದನ್ನ ಬರೀರಿ ಸರ್."

ಮತ್ತೆ ಕೂತೆ. ಪರದೆಯ ತುಂಬ ನನ್ನ ಬೆನ್ನು. ಬಿಡಿಸಿದ ಲೆಕ್ಕ ಅದರ ಮರೆಯಲ್ಲಿ. ದನಿ ಮಾತ್ರ ಗಂಟೆ ಹೊಡೆದ ಹಾಗೆ: "ಇದನ್ನ ಇಲ್ಲಿಗೆ ತಂದ್ರ ಅದು ಹೋಗತೈತಿ, ಇದು ಹಿಂಗ ಆಗತೈತಿ. ತಿಳೀತಲ್ಲ?"

ಯಾವುದನ್ನು? ಎಲ್ಲಿಗೆ? ಹೆಡ್‌ಫೋನು ಹೊಸದು. ನನ್ನ ಎರಡೂ ಕಿವಿ ಜಾಗದಲ್ಲೇ ಇವೆ. ಆರು ಸಲ ಕೇಳಿದೆ. "ತಿಳೀತಲ್ಲ?" ಎಂದಾಗಲೆಲ್ಲ ಸುಮ್ಮನೆ ತಲೆಯಾಡಿಸಿದೆ.