ಗ್ರಿಲ್ಲಿನಲ್ಲಿ ಪಟ್ಟೆ ಟೊಮೆಟೊ

ಟೊಮೆಟೊ ವಿಷಯದಲ್ಲಿ ತನಗೆ ಬುದ್ಧಿ ಹೇಳುವವರು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂಬುದು ಡೊಂಬಿವಲಿಯ ಜಯಶೀಲರ ಅಚಲ ನಂಬಿಕೆ. ಮೂವತ್ತು ವರ್ಷ ಹೊಟೇಲಿಗೆಂದು ವಾಶಿ ಮಾರ್ಕೆಟ್ಟಿನಲ್ಲಿ ಟೊಮೆಟೊ ಆರಿಸಿದ ಕೈ ಅದು. ಕೆಂಪಾದರೆ ಹಣ್ಣು, ಹಸಿರಾದರೆ ಕಾಯಿ. ಇದೇ ಅವರ ವೇದ. ನಿವೃತ್ತಿಯಾದ ಮೇಲೂ ಆ ಕೈ ಸುಮ್ಮನಿರದೆ, ಮೊಬೈಲಿನಲ್ಲಿ ಪಟ್ಟೆ ಟೊಮೆಟೊದ ಬೀಜ ತರಿಸಿತು.

ಬೀಜವೇನೋ ಬಂತು, ಜಾಗ? ಕಿಟಕಿಯ ಗ್ರಿಲ್ಲಿನಲ್ಲಿ ಹೆಂಡತಿ ಜಯಲತಾ ಊರಿನಿಂದ ತಂದು ಮಕ್ಕಳಂತೆ ಸಾಕಿದ ಮಲ್ಲಿಗೆಯ ಐದು ಕುಂಡಗಳಿದ್ದವು. ಜಯಶೀಲರು ಅವನ್ನು ಟೆರೇಸಿಗೆ ಗಡೀಪಾರು ಮಾಡಿದರು.

"ಪಟ್ಟೆ ನೋಡ್ಲಿಕ್ಕೆ ನಮ್ಮೂರ ಸೌತೆಕಾಯಿ ಸಾಲದಾ ಮಾರಾಯ್ರೆ? ನನ್ನ ಮಲ್ಲಿಗೆ ಎಂತ ಪಾಪ ಮಾಡಿತ್ತು?"

"ಬಿಸು ಹಬ್ಬದ ಕಣಿಗೆ ಕನ್ನಡಿ ಮುಂದೆ ನನ್ನ ಹಣ್ಣೇ ಇಡ್ತೇನೆ, ನೋಡ್ತಾ ಇರು. ಅಷ್ಟರೊಳಗೆ ಹಣ್ಣಾಗದಿದ್ರೆ ನಿನ್ನ ಕುಂಡ ನಾನೇ ಹೊತ್ತು ತರ್ತೇನೆ. ಮತ್ತೆ ಗ್ರಿಲ್ಲಿನ ಸುದ್ದಿಗೇ ಬರುವುದಿಲ್ಲ."

"ಪ್ಯಾಕೆಟಿನ ಹಿಂದೆ ಎಂತದೋ ಬರೆದುಂಟು, ಓದಿದ್ರಾ?"

"ಲಾರಿಗಟ್ಟಲೆ ಟೊಮೆಟೊ ನೋಡಿದವನಿಗೆ ಪ್ಯಾಕೆಟ್ ಪಾಠ ಮಾಡ್ಬೇಕಾ?"

ಜಯಲತಾ ಕನ್ನಡಕ ಹಾಕಿಕೊಂಡು ತಾವೇ ಓದಿದರು. ಓದಿ ಸುಮ್ಮನಾದರು. (ಆ ಸುಮ್ಮನಿರುವಿಕೆಗೆ ಜಯಶೀಲರು ಆಗಲೇ ಹೆದರಬೇಕಿತ್ತು.)

ಗಿಡ ಸೊಂಪಾಗಿ ಬೆಳೆದು ಹನ್ನೊಂದು ಕಾಯಿ ಬಿಟ್ಟಿತು. ತಿಳಿ ಹಸಿರಿನ ಮೇಲೆ ಕಡು ಹಸಿರು ಪಟ್ಟೆ. ಜಯಶೀಲರು ದಿನಕ್ಕೆ ನಾಲ್ಕು ಸಲ ಬಗ್ಗಿ ನೋಡಿದರೂ ಕೆಂಪಿನ ಸುಳಿವಿಲ್ಲ. ಸಾಲದ್ದಕ್ಕೆ ಕಾಯಿಗಳು ಒಂದೊಂದಾಗಿ ಮಾಯವಾಗತೊಡಗಿದವು.

"ಪಾರಿವಾಳ!" ಎಂದು ಗರ್ಜಿಸಿ ಅವರು ಯುದ್ಧ ಸಾರಿದರು. ಬಲೆ ಕಟ್ಟಿದರು, ಹಳೆಯ ಸಿ.ಡಿ.ಗಳನ್ನು ತೂಗಾಡಿಸಿದರು, ಕೊನೆಗೆ ಹೆಂಡತಿಯ ಹಳೆ ನೈಟಿ ತೊಡಿಸಿ ಒಂದು ಬೆದರುಬೊಂಬೆ ನಿಲ್ಲಿಸಿದರು. ಪಾರಿವಾಳಗಳು ಹೆದರಲಿಲ್ಲ. ಎದುರು ಬಿಲ್ಡಿಂಗಿನವರು ಮಾತ್ರ, ಜಯಲತಾ ವಹಿನಿ ಯಾಕೆ ದಿನವಿಡೀ ಕಿಟಕಿಯಲ್ಲೇ ನಿಲ್ಲುತ್ತಾರೆ, ಮನೆಯಲ್ಲಿ ಜಗಳವೇ ಎಂದು ವಿಚಾರಿಸಿದರು.

ಈ ಸಂಕಟದಲ್ಲಿ ಅವರಿಗಿದ್ದ ಒಂದೇ ಸಮಾಧಾನ, ಬೆಳಗಿನ ನೀರುದೋಸೆಗೆ ಜಯಲತಾ ಮಾಡುತ್ತಿದ್ದ ಹಸಿರು ಚಟ್ನಿ.

"ಎಂತಾ ಹುಳಿ ಮಾರಾಯ್ತಿ! ನಮ್ಮ ಹೊಟೇಲಲ್ಲಿ ಇದು ಇದ್ದಿದ್ರೆ ಸ್ಟೇಷನ್ ತನಕ ಕ್ಯೂ ನಿಲ್ತಿತ್ತು. ಎಂತ ಹಾಕ್ತಿ ಇದಕ್ಕೆ?"

"ಮನೇಲಿ ಇದ್ದದ್ದನ್ನೇ."

ಊರಿನ ಹೊಸವರ್ಷವಾದ ಬಿಸುವಿನ ಬೆಳಿಗ್ಗೆ ಎದ್ದೊಡನೆ ಕಣಿ, ಅಂದರೆ ಜೋಡಿಸಿಟ್ಟ ಮಂಗಳದ್ರವ್ಯಗಳನ್ನು, ನೋಡುವುದು ಪದ್ಧತಿ. ಕನ್ನಡಿಯ ಮುಂದೆ ಹಣ್ಣು, ತರಕಾರಿ, ತೆಂಗಿನಕಾಯಿ ಎಲ್ಲ ಇದ್ದವು. ನಡುವೆ ಊರಿನ ಪಟ್ಟೆ ಸೌತೆಕಾಯಿ ಅವರನ್ನೇ ಅಣಕಿಸುವಂತೆ ಕುಳಿತಿತ್ತು. ಗಿಡದಲ್ಲಿ ಉಳಿದಿದ್ದ ಒಂದೇ ಒಂದು ಕಾಯಿ ಹಸಿರು ಹಸಿರಾಗಿಯೇ ಇತ್ತು.

ಜಯಶೀಲರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಲಿಫ್ಟ್ ಕೆಟ್ಟಿತ್ತು. ನಾಲ್ಕು ಮಾಳಿಗೆ ಹತ್ತಿ ಇಳಿದು ಕುಂಡಗಳನ್ನು ಹೊತ್ತು ತಂದರು. ಐದನೆಯದನ್ನು ಇಳಿಸುವಾಗ ಸೊಂಟ ಹಿಡಿದುಕೊಂಡಿತು.

"ಸೋತೆ ಮಾರಾಯ್ತಿ," ಎಂದು ನರಳುತ್ತ, ಆ ಕೊನೆಯ ಕಾಯನ್ನು ಕಿತ್ತು ಕಸದ ಡಬ್ಬಿಗೆ ಎಸೆಯಲು ಹೊರಟರು. ಮಗಳು ಸೋನಾಲಿ ಅದನ್ನು ಕಸಿದುಕೊಂಡು ಕಚ್ಚಿಯೇ ಬಿಟ್ಟಳು. ಕನ್ನಡ ಅರ್ಥವಾದರೂ ಅವಳ ಉತ್ತರ ಯಾವಾಗಲೂ ಹಿಂದಿಯಲ್ಲೇ.

"ಅರೇ ಪಪ್ಪಾ, ಏ ತೋ ಪಕಾ ಹುವಾ ಹೈ!"

"ಹಣ್ಣಾಗಿದಾ? ಹಸಿರುಂಟಲ್ಲ ಮಗಾ!"

"ಗ್ರೀನ್ ಹೀ ರೆಹತಾ ಹೈ, ಪ್ಯಾಕೆಟ್ ಪೇ ಲಿಖಾ ಹೈ. ಮಮ್ಮಿ ಇಸೀ ಕೀ ತೋ ಚಟ್ನಿ ಬನಾತೀ ಹೈ!"

ಜಯಶೀಲರು ಪ್ಯಾಕೆಟ್ ಹುಡುಕಿ ತೆಗೆದು ಹಿಂಬದಿ ಓದಿದರು. ಹಣ್ಣಾದ ಮೇಲೂ ಹಸಿರಾಗಿಯೇ ಇರುವ ಜಾತಿ! ಹದಿನೈದು ದಿನ ಚಟ್ನಿಯಲ್ಲಿ ಬೆರಳು ನೆಕ್ಕಿ ಹೊಗಳಿದ್ದು ತನ್ನದೇ ಬೆಳೆಯನ್ನು!

"ಹಾಗಾದ್ರೆ ಗೆದ್ದದ್ದು ನಾನು!"

"ಇಲ್ಲ ಅಂದವರು ಯಾರು? ನೀವೇ ಗೆದ್ದದ್ದು," ಎಂದರು ಜಯಲತಾ, ಮಲ್ಲಿಗೆಗೆ ನೀರು ಹಾಕುತ್ತ. "ಹಾಗಾದ್ರೆ ಐದೂ ಕುಂಡ ಪುನಃ ಟೆರೇಸಿಗೆ ಹೊತ್ತುಕೊಂಡು ಹೋಗಿ. ಲಿಫ್ಟ್ ನಾಳೆಯೂ ಬಂದ್ ಅಂತೆ."

ಜಯಶೀಲರು ಸೊಂಟ ಮುಟ್ಟಿ ನೋಡಿಕೊಂಡರು. "ಇರ್ಲಿ ಬಿಡು. ಮಲ್ಲಿಗೆ ಅಲ್ಲೇ ಚಂದ ಕಾಣ್ತದೆ," ಎಂದು ಮೆಲ್ಲಗೆ ಕುರ್ಚಿಯಲ್ಲಿ ಕುಳಿತರು. ಅಡುಗೆಮನೆಯ ಕಡೆ ಕತ್ತು ಚಾಚಿ ಕೇಳಿದರು: "ಆ ಚಟ್ನಿ ಸ್ವಲ್ಪವಾದ್ರೂ ಉಂಟಾ?"

"ಇಲ್ಲ ಮಾರಾಯ್ರೆ. ಪಾರಿವಾಳ ತಿಂತು."