ಭಾವನ ಕ್ಯಾಸೆಟ್ ಹಾಜರಿ

ನಮ್ಮ ಭಾವನ ಹತ್ತಿರ ನಾನೂರಕ್ಕೂ ಹೆಚ್ಚು ಕ್ಯಾಸೆಟ್‌ಗಳಿದ್ದವು. ಆದರೆ ಅವರು ಜನ್ಮದಲ್ಲಿ ಒಂದು ಹಾಡನ್ನೂ ಪೂರ್ತಿ ಕೇಳಿದವರಲ್ಲ! ಸುಳ್ಳು ಅನ್ನಿಸಿದರೆ ನಮ್ಮಕ್ಕನನ್ನೇ ಕೇಳಿ. ಭಾವ ಕ್ಯಾಸೆಟ್ ಹಾಕುವರು, ಕಣ್ಣು ಮುಚ್ಚುವರು, ಸ್ಪೀಕರಿಗೆ ಕಿವಿ ತಾಗಿಸುವರು. ಹಾಡು ಶುರುವಾಗುವ ಮೊದಲು ನಾಲ್ಕೈದು ಸೆಕೆಂಡು ಟೇಪು ಖಾಲಿ ಓಡುತ್ತದಲ್ಲ, ಅದನ್ನು ಮೈಯೆಲ್ಲ ಕಿವಿಯಾಗಿ ಕೇಳುವರು. ತಬಲಾ, ಪಿಟೀಲು ಬಂದರೆ ಇನ್ನಷ್ಟು ಹೊತ್ತು ಸಹಿಸುವರು. ಹಾಡುವವರು ಬಾಯಿ ತೆರೆದರೋ, ಟಪ್ಪೆಂದು ಸ್ಟಾಪ್! ಪಾಪ, ಎಂತೆಂಥ ಗಾಯಕರು ಆ ಮನೆಯಲ್ಲಿ ಬಾಯಿ ತೆರೆದು ಹಾಗೇ ನಿಂತುಬಿಟ್ಟಿದ್ದಾರೆ.

ಖಾಲಿ ಟೇಪಿನಲ್ಲಿ ಕೇಳುವುದಕ್ಕೇನಿದೆ ಅಂತೀರಾ? ನಾನೂ ಹಾಗೆ ಕೇಳಿದ ತಪ್ಪಿಗೆ ಒಮ್ಮೆ ಒಂದು ಗಂಟೆ ಪಾಠ ಹೇಳಿಸಿಕೊಂಡಿದ್ದೇನೆ. ಅಲ್ಲಿ ಸಣ್ಣಗೆ ಒಂದು ಸದ್ದು ಇರುತ್ತದಂತೆ. ಭಾವ ಅದಕ್ಕೆ 'ಸುಯ್' ಎಂದು ಹೆಸರಿಟ್ಟಿದ್ದರು. ಸುಯ್ ಕಡಿಮೆಯಿದ್ದರೆ ರೆಕಾರ್ಡಿಂಗ್ ಒಳ್ಳೆಯದು, ಜಾಸ್ತಿಯಿದ್ದರೆ ದಂಡ.

"ಹಾಡು ಯಾರು ಬೇಕಾದ್ರೂ ಕೇಳ್ತಾರೆ ಕಣಮ್ಮ. ಹಾಡಿನ ಹಿಂದೆ ಏನೈತೆ ಅಂತ ಕೇಳೋನೂ ಒಬ್ಬ ಬೇಕಲ್ಲ?" ಎಂದರು ಭಾವ.

"ಹಿಂದೆ ಅಡುಗೆಮನೆ ಐತೆ! ಆಗ್ಲಿಂದ ನೀರು ಸೇದಿಕೊಡಿ ಅಂತ ಕೂಗ್ತಾ ಇದೀನಿ, ಅದು ಮಾತ್ರ ಕೇಳಲ್ಲ ನಿಮಗೆ!" ಎಂದು ಒಳಗಿನಿಂದ ಅಕ್ಕನ ದನಿ ಬಂತು.

ಭಾವ ಹಾನುಬಾಳಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಹಾಗೆಂದು ಕಥೆಗಿಥೆ ಬರೆಯುವವರು ಅಂದುಕೊಳ್ಳಬೇಡಿ. ಬೆಳಿಗ್ಗೆ ಆಳುಗಳ ಹಾಜರಿ ತೆಗೆದುಕೊಂಡು ಚೆಕ್‌ರೋಲ್ ಪುಸ್ತಕದಲ್ಲಿ ಪೂರ್ತಿ, ಅರ್ಧ, ಗೈರು ಎಂದು ಗುರುತು ಹಾಕುವವರು. ಉಳಿದ ಹೊತ್ತೆಲ್ಲ ಸ್ಟೋರಿನಲ್ಲಿ, ಹಣ್ಣು ಬಿಡಿಸುವ ಪಲ್ಪರ್ ಯಂತ್ರದ ಡೀಸೆಲ್ ಎಂಜಿನ್ ಪಕ್ಕದ ಮೇಜಿನಲ್ಲಿ ಕೂತಿರುತ್ತಿದ್ದರು. ಆ ಎಂಜಿನ್ ಶುರುವಾದರೆ ಮುಂದೆ ನಿಂತವನ ಮಾತು ತುಟಿ ನೋಡಿ ತಿಳಿಯಬೇಕು. ಇಡೀ ದಿನ ಆ ಗದ್ದಲದಲ್ಲಿ ಕೂತ ಮನುಷ್ಯ ಸಂಜೆ ಮನೆಗೆ ಬಂದು ಸದ್ದಿಲ್ಲದ ಟೇಪು ಹುಡುಕುತ್ತಿದ್ದರು ಅಂದರೆ, ಈಗ ಯೋಚಿಸಿದರೆ ತಪ್ಪೇನೂ ಕಾಣುವುದಿಲ್ಲ. ಆಗ ಮಾತ್ರ ನಮಗೆ ಅದೊಂದು ತಮಾಷೆ.

ಬರೆಯದೆ ಉಳಿದಿದ್ದ ಹಳೆಯ ಚೆಕ್‌ರೋಲ್ ಒಂದನ್ನು ಮನೆಗೆ ತಂದು ಕ್ಯಾಸೆಟ್‌ಗಳಿಗೂ ಹಾಜರಿ ಹಾಕತೊಡಗಿದರು ನೋಡಿ! ಸುಯ್ ಇಲ್ಲದ್ದಕ್ಕೆ ಪೂರ್ತಿ, ಸ್ವಲ್ಪ ಇದ್ದರೆ ಅರ್ಧ, ಜೋರಾಗಿದ್ದರೆ ಗೈರು. ಶಿವನ ಒಂದೇ ಭಕ್ತಿಗೀತೆಯ ಕ್ಯಾಸೆಟ್ ಒಂಬತ್ತು ಇದ್ದವು. ಕಂಪನಿಯದ್ದು, ಸಕಲೇಶಪುರದ ಸಂತೆಯಲ್ಲಿ ಸಿಕ್ಕ ನಕಲು, ಆಲೂರಿನ ಅಂಗಡಿಯಲ್ಲಿ ತುಂಬಿಸಿಕೊಂಡದ್ದು, ಯಾರದೋ ಅಟ್ಟದಿಂದ ಇಳಿಸಿ ತಂದದ್ದು. ಒಂದರಲ್ಲಿ ಶಿವ ಪೂರ್ತಿ ಹಾಜರು, ಇನ್ನೊಂದರಲ್ಲಿ ಅರ್ಧ ದಿನ, ಸಂತೆಯದ್ದರಲ್ಲಿ ಗೈರು! ಅಕ್ಕ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದಳು. "ಲಿಂಗಪೂಜೆಗೆ ಹತ್ತು ನಿಮಿಷ, ಟೇಪ್ ರೆಕಾರ್ಡರಿನ ಹೆಡ್ ಒರೆಸೋಕೆ ಅರ್ಧ ಗಂಟೆ. ಇಂಥೋರ ಮನೆಗೆ ಶಿವ ಯಾಕಾದ್ರೂ ಬಂದಾನು?"

ಮಳೆಗಾಲ ಕಳೆದರೆ ಕ್ಯಾಸೆಟ್‌ಗಳಿಗೆ ಬೂಸಲು ಬರುತ್ತಿತ್ತು. ಅದಕ್ಕೆ ಭಾವ ಕಂಡುಕೊಂಡ ಉಪಾಯ ಕಾಫಿ ಕಣ. ಒಂದು ಬೆಳಿಗ್ಗೆ ಎಳೆಬಿಸಿಲಿನಲ್ಲಿ, ಹರವಿದ ಕಾಫಿಯ ಪಕ್ಕದಲ್ಲಿ ಗೋಣಿ ಹಾಸಿ ಕ್ಯಾಸೆಟ್‌ಗಳನ್ನು ಸಾಲಾಗಿ ಇಟ್ಟರು. ಆಳುಗಳು ಕಾಫಿ ಕೈಯಾಡಿಸಿದಾಗಲೆಲ್ಲ ಇವರು ಕ್ಯಾಸೆಟ್‌ಗಳನ್ನು ಎ ಸೈಡಿನಿಂದ ಬಿ ಸೈಡಿಗೆ ಮಗುಚುವುದು! ಅಷ್ಟರಲ್ಲಿ ಎಸ್ಟೇಟಿನ ಧಣಿಗಳ ಜೀಪು ಬಂತು. ಧಣಿಗಳು ಇಳಿದರು, ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು.

"ಏನ್ರೀ ರೈಟ್ರೇ ಇದು? ಅರೇಬಿಕಾನೋ, ರೋಬಸ್ಟಾನೋ?"

"ಎರಡೂ ಅಲ್ಲ ಸಾರ್, ಜಪಾನಿನ ಟೇಪು," ಎಂದರಂತೆ ಭಾವ ಕೈಕಟ್ಟಿ.

ಧಣಿಗಳು ನಗದೆ ಹೋಗಿದ್ದರೆ ಕೆಲಸ ಹೋಗುತ್ತಿತ್ತು. ಪುಣ್ಯಕ್ಕೆ ನಕ್ಕರು.

ಇಷ್ಟೆಲ್ಲ ಇದ್ದರೂ ಅಕ್ಕನ ನಿಜವಾದ ಸಿಟ್ಟು ಆ ಚೆಕ್‌ರೋಲಿನ ಮೊದಲ ಪುಟದ ಮೊದಲ ಸಾಲಿನ ಮೇಲೆ. ಅದು ಅವಳ ಮದುವೆಯ ಕ್ಯಾಸೆಟ್!

ತನ್ನ ಮದುವೆಯನ್ನು ತಾನೇ ರೆಕಾರ್ಡ್ ಮಾಡಿಕೊಂಡ ಮದುಮಗನನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಬಾಸಿಂಗ ಕಟ್ಟಿಕೊಂಡು, ಹಸೆಮಣೆಯ ಪಕ್ಕದಲ್ಲೇ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದರು. ಓಲಗದವರಿಗೆ, "ಡೋಲು ಸ್ವಲ್ಪ ಹಿಂದಕ್ಕೆ ಹೋಗ್ಲಿ ಸ್ವಾಮಿ, ಸದ್ದು ಜಾಸ್ತಿಯಾಗಿ ಮೀಟರಿನ ಮುಳ್ಳು ಕೆಂಪಿಗೆ ಹೋಗ್ತೈತೆ," ಎಂದು ಕೈಸನ್ನೆ. ಸೋಬಾನೆ ಹೇಳುವ ಹೆಂಗಸರಿಗೆ, "ಮೊದಲನೇ ಸಾಲು ಇನ್ನೊಂದು ಸಲ ಹೇಳಿಬಿಡ್ರವ್ವ," ಎಂದು ಅರ್ಜಿ. ತಾಳಿ ಕಟ್ಟುವ ಗಳಿಗೆಯಲ್ಲಿ ಅಕ್ಕ ನಾಚಿಕೆ ಬಿಟ್ಟು ತಲೆಯೆತ್ತಿ ನೋಡಿದರೆ, ಮದುಮಗನ ಕಣ್ಣು ಟೇಪು ಸುತ್ತುತ್ತಿದೆಯೋ ಇಲ್ಲವೋ ಅನ್ನುವುದರ ಮೇಲೆ!

ಇಷ್ಟು ಜೋಪಾನ ಮಾಡಿದವರು ಒಂದನ್ನು ಮರೆತರು. ಬೆಳಗಿನ ಜಾವದ ಮುಹೂರ್ತ, ಕರೆಂಟು ಕೈಕೊಟ್ಟಿತ್ತು. ರೆಕಾರ್ಡರೇನೋ ಸೆಲ್ಲಿನ ಮೇಲೆ ಓಡುತ್ತಿತ್ತು. ನಮ್ಮಪ್ಪ ಗ್ಯಾಸ್‌ಲೈಟ್ ತರಿಸಿ ಮಂಟಪದ ಕಂಬಕ್ಕೆ, ಸರಿಯಾಗಿ ರೆಕಾರ್ಡರಿನ ನೆತ್ತಿಯ ಮೇಲೆ ತೂಗುಹಾಕಿಸಿದ್ದರು. ಗ್ಯಾಸ್‌ಲೈಟ್ ಉರಿಯುವಾಗ ಮಾಡುವ ಸದ್ದು ಗೊತ್ತಲ್ಲ? ಸಾಕ್ಷಾತ್ ಸುಯ್! ಮಂತ್ರ, ಓಲಗ, ಸೋಬಾನೆ ಎಲ್ಲ ಅದರ ಹಿಂದೆ ಎಲ್ಲೋ ದೂರದಲ್ಲಿ. ಭಾವ ನಿಷ್ಪಕ್ಷಪಾತಿ. ಅದಕ್ಕೂ ಗೈರು ಹಾಕಿದರು.

"ಕಟ್ಕೊಂಡ ಹೆಂಡ್ತಿ ಮದುವೆಗೇ ಗೈರು ಹಾಕವ್ರೆ ಕಣೇ ಈ ಪುಣ್ಯಾತ್ಮ! ಅದನ್ನ ಪೂರ್ತಿ ಅಂತ ತಿದ್ದೋವರ್ಗೂ ನಾನು ಆ ಕ್ಯಾಸೆಟ್ ಪೆಟ್ಟಿಗೆ ಮುಟ್ಟಲ್ಲ," ಎಂದು ಅಕ್ಕ ನನ್ನ ಮುಂದೆ ವರ್ಷಕ್ಕೆ ನಾಲ್ಕು ಸಲವಾದರೂ ದೂರುತ್ತಿದ್ದಳು. ಭಾವನದ್ದು ಒಂದೇ ಉತ್ತರ: "ಸುಳ್ಳು ಹಾಜರಿ ಬರೆಯೋನಲ್ಲ ನಾನು."

ಈ ಖ್ಯಾತಿಯಿಂದಲೇ ಆನೇಮಹಲಿನ ಮೈಕ್‌ಸೆಟ್‌ನವರು ಯಾವ ಕ್ಯಾಸೆಟ್ ಕೊಂಡರೂ ಭಾವನಿಗೆ ತೋರಿಸಿಯೇ ಸಮಾರಂಭಕ್ಕೆ ಒಯ್ಯುತ್ತಿದ್ದರು. ಅಕ್ಕನ ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು, ಪೇಟೆಯಲ್ಲಿ ಸಿಡಿ ಬಂದಿತ್ತು. ಆಗ ಹೊಂಗಡಹಳ್ಳದಲ್ಲಿ ಒಂದು ಗೃಹಪ್ರವೇಶ. ಭಾವ ಪೂರ್ತಿ ಹಾಜರಿ ಕೊಟ್ಟಿದ್ದ ಕ್ಯಾಸೆಟ್ಟನ್ನೇ ಮೈಕ್‌ಸೆಟ್‌ನವರು ಹಾಕಿದರು. ಮರದ ಮೇಲಿನ ಹಾರ್ನಿನಿಂದ ಊರಿಗೆಲ್ಲ ಕೇಳುವಂತೆ ಸುಯ್ಯ್ಯ್!

"ಯಾವ್ದೋ ಜೀಪಿನ ಟಯರ್ ಗಾಳಿ ಹೋಗ್ತೈತೆ ನೋಡ್ರೋ!" ಎಂದು ಯಾರೋ ಕೂಗಿದರಂತೆ. ಜೀಪು ತಂದವರೆಲ್ಲ ಊಟದ ಪಂಕ್ತಿಯಿಂದ ಎದ್ದು ಓಡಿದರಂತೆ!

ನಾನು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕ ನಗಲಿಲ್ಲ. ಚೆಕ್‌ರೋಲ್ ತಂದು ನನ್ನ ಮುಂದೆ ಬಿಡಿಸಿಟ್ಟಳು. ಹಿಂದಿನ ಒಂದು ವರ್ಷದಿಂದ ಒಂದೇ ಒಂದು ಗೈರಿಲ್ಲ, ಒಂದು ಅರ್ಧ ದಿನವೂ ಇಲ್ಲ. ಎಲ್ಲ ಕ್ಯಾಸೆಟ್ಟೂ ಪೂರ್ತಿ!

"ಮೊನ್ನೆ ಹೊರಗೆ ಜೀರುಂಡೆ ಕಿವಿ ತೂತು ಬೀಳೋ ಹಂಗೆ ಕಿರುಚ್ತಿದ್ವು. ನಿಮ್ ಭಾವ ಜಗಲಿ ಮೇಲೆ ಕೂತ್ಕಂಡು ಏನಂದ್ರು ಗೊತ್ತಾ? ಈ ವರ್ಷ ಜೀರುಂಡೆನೇ ಬರ್ಲಿಲ್ಲ ಕಣೇ, ಅಂದ್ರು," ಎಂದಳು. ನನ್ನ ನಗು ಅಲ್ಲೇ ನಿಂತಿತು.

ಹಾಸನದ ಡಾಕ್ಟರ ಹತ್ತಿರ ನಾನೂ ಜೊತೆಗೆ ಹೋಗಿದ್ದೆ. ವರ್ಷಗಟ್ಟಲೆ ಎಂಜಿನ್ ಪಕ್ಕ ಕೂತದ್ದರಿಂದ ಕಿವಿಗೆ ಪೆಟ್ಟಾಗಿದೆ, ಮಾತು ಕೇಳುತ್ತದೆ, ತೀರಾ ಸಣ್ಣ ದನಿಗಳು ಹೋಗಿವೆ, ಅವು ವಾಪಸು ಬರುವುದಿಲ್ಲ ಎಂದರು. ಭಾವ ಕೇಳಿದ್ದು ಒಂದೇ ಪ್ರಶ್ನೆ.

"ಹಂಗಾದ್ರೆ ಸುಯ್?"

"ಏನದು?" ಎಂದರು ಡಾಕ್ಟರು.

"ಏನಿಲ್ಲ ಬಿಡಿ ಸಾರ್," ಎಂದರು ಭಾವ. ನಮ್ಮ ಭಾವ ಪಾಠ ಹೇಳದೆ ಬಿಟ್ಟದ್ದು ಅದೇ ಮೊದಲು. ನನಗೆ ಬಹಳ ಸಂಕಟವಾಯಿತು.

ಮನೆಗೆ ಬಂದವರೇ ಪೆಟ್ಟಿಗೆಗೆ ಬೀಗ ಹಾಕಿದರು. ಮೈಕ್‌ಸೆಟ್‌ನವರು ಬಂದರೆ, ನನಗೆ ತಿಳಿಯೋದಿಲ್ಲ ಹೋಗಪ್ಪ, ಎಂದು ಕಳಿಸಿದರು. ಎರಡು ತಿಂಗಳು ಆ ಮನೆಯಲ್ಲಿ ಸ್ಟಾಪ್ ಒತ್ತುವ ಸದ್ದೇ ಇಲ್ಲ. ಕೊನೆಗೆ ಬೀಗ ತೆಗೆದವಳು ಯಾರು ಅಂತೀರಿ? ಪೆಟ್ಟಿಗೆಯನ್ನು ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದ ನಮ್ಮಕ್ಕ! ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಒಂದು ಕ್ಯಾಸೆಟ್ ಹಾಕಿ, ಸ್ಪೀಕರಿಗೆ ಕಿವಿ ಕೊಟ್ಟು ಕೂತಳಂತೆ.

"ಅದೇನು ಕೇಳ್ಬೇಕು ಹೇಳ್ಕೊಡಿ. ಚೆಕ್‌ರೋಲ್ ನಿಮ್ದು, ಕಿವಿ ನಂದು."

ಭಾವ ಮೊದಲು ಬೈದರು. ಆಮೇಲೆ ಹೇಳಿಕೊಟ್ಟರು. ಅಕ್ಕ ಬಲು ಬೇಗ ಕಲಿತಳು. ಎಷ್ಟು ಬೇಗ ಅಂದರೆ, ಮುಂದಿನ ಸಲ ನಾನು ಹೋದಾಗ ಹಾಡುವವರು ಬಾಯಿ ತೆರೆದ ಕೂಡಲೇ ಟಪ್ಪೆಂದು ಸ್ಟಾಪ್ ಒತ್ತಿದವಳು ಅಕ್ಕ! "ಅರ್ಧ ದಿನ ಬರ್ಕಳಿ," ಎಂದಳು. ಭಾವ ಬರೆದುಕೊಂಡರು. ಈಗ ಆ ಮನೆಯಲ್ಲಿ ಹಾಡು ಕೇಳದವರು ಇಬ್ಬರು!

ಅವತ್ತು ಸಂಜೆ ಭಾವ ಪೆಟ್ಟಿಗೆಯ ತಳದಿಂದ ಮದುವೆಯ ಕ್ಯಾಸೆಟ್ ತೆಗೆದು ಅಕ್ಕನ ಕೈಗೆ ಕೊಟ್ಟರು. "ಇದೊಂದು ಕೇಳು."

ಟೇಪು ಓಡಿತು. ಗ್ಯಾಸ್‌ಲೈಟ್ ಸುಯ್ಯೋ ಎನ್ನುತ್ತಿತ್ತು. ನನಗೆ ಕೂತಲ್ಲಿಗೇ ಕೇಳಿಸುತ್ತಿತ್ತು.

"ಸುಯ್ ಎಷ್ಟೈತೆ?"

ಅಕ್ಕ ನನ್ನ ಕಡೆ ನೋಡಲಿಲ್ಲ. "ಒಂಚೂರೂ ಇಲ್ಲ ಕಣ್ರೀ," ಎಂದಳು.

ನಾನು ನಗು ತಡೆಯಲು ಕಾಫಿ ಲೋಟದೊಳಕ್ಕೆ ಮುಖ ಹಾಕಿದೆ. ಭಾವ ಪೆನ್ನಿನ ಮುಚ್ಚಳ ತೆಗೆದು ಅಕ್ಕನನ್ನೇ ನೋಡಿದರು.

"ಹದಿನಾಲ್ಕು ವರ್ಷ ಕೇಳಿದೀನಿ ಕಣೇ ಆ ಗ್ಯಾಸ್‌ಲೈಟನ್ನ. ಕಿವಿ ಹೋಗೈತೆ, ಜ್ಞಾಪಕ ಹೋಗಿಲ್ಲ."

ಅಕ್ಕನ ಮುಖ ಚಿಕ್ಕದಾಯಿತು. "ಹಂಗಾದ್ರೆ ಗೈರೇ ಇರ್ಲಿ ಬಿಡಿ," ಎಂದು ಸ್ಟಾಪ್ ಒತ್ತಲು ಕೈ ಚಾಚಿದಳು.

ಭಾವ ಮೊದಲ ಪುಟ ತಿರುವಿ, ಮೊದಲ ಸಾಲಿನ ಗೈರು ಹೊಡೆದುಹಾಕಿ, ಪಕ್ಕದಲ್ಲಿ ದುಂಡಗೆ 'ಪೂರ್ತಿ' ಎಂದು ಬರೆದರು. ಜನ್ಮದಲ್ಲಿ ಅವರು ಗೊತ್ತಿದ್ದೂ ಬರೆದ ಒಂದೇ ಒಂದು ಸುಳ್ಳು ಹಾಜರಿ ಅದು. ಟೇಪಿನಲ್ಲಿ ಹೆಂಗಸರು ಸೋಬಾನೆಗೆ ಉಸಿರೆಳೆದುಕೊಳ್ಳುತ್ತಿದ್ದರು.

"ಸ್ಟಾಪ್ ಒತ್ತಬೇಡ ಕಣೇ," ಎಂದರು ಭಾವ. "ಹಾಡು ಬರ್ಲಿ."