ಬೀಗರ ಫೋಲ್ಡರಿನ ಟಿಕ್ಕು

ಕಂಪ್ಯೂಟರು ಕೆಟ್ಟಾಗ ನಾನು ಯಾವತ್ತೂ ಗಾಬರಿಯಾದವಳಲ್ಲ. ಅದು ಸರಿಯಾಗಿ ನಡೆಯುತ್ತಿರುವಾಗಲೇ ಎದೆ ಧಸಕ್ಕೆನ್ನುವಂಥ ಪ್ರಸಂಗಗಳು ನನ್ನ ಪಾಲಿಗೆ ಮೇಲಿಂದ ಮೇಲೆ ಯಾಕೆ ಬರುತ್ತವೋ, ಆ ದೇವರೇ ಬಲ್ಲ.

ವಿಜಯಪುರದ ಒಂದು ಸಣ್ಣ ಕಂಪನಿಯಲ್ಲಿ ನನ್ನ ನೌಕರಿ. ನಮ್ಮವರು ಮಾಡಿದ ಪ್ರೋಗ್ರಾಮು ಗಿರಾಕಿಯ ಕೈ ಸೇರುವ ಮೊದಲು ಅದರಲ್ಲಿರುವ ತಪ್ಪುಗಳನ್ನು ಹುಡುಕಿ ಕೊಡಬೇಕು. ತಪ್ಪು ಹುಡುಕುವುದಕ್ಕೂ ಸಂಬಳ ಕೊಡುತ್ತಾರೆಂದರೆ ನಮ್ಮ ಅತ್ತೆ ಇವತ್ತಿಗೂ ನಂಬುವುದಿಲ್ಲ. ಅವರು ಅದನ್ನು ಮೊದಲಿನಿಂದ ಪುಕ್ಕಟೆಯಾಗಿಯೇ ಮಾಡುತ್ತ ಬಂದಿದ್ದಾರೆ.

ಈ ಚಳಿಗಾಲದಲ್ಲಿ ನಮ್ಮ ಹೊಸ ಇ-ಮೇಲ್ ಪ್ರೋಗ್ರಾಮನ್ನು ರೈತರ ಸಂಘವೊಂದು ತೆಗೆದುಕೊಳ್ಳಲು ಒಪ್ಪಿತು. ಸಂಘದ ಹೆಸರು ಬೇಡ. ಅದಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಶಾಖೆಗಳಿವೆ. ಒಂದೊಂದು ಶಾಖೆಯ ಪತ್ರಗಳಿಗೆ ಒಂದೊಂದು ಫೋಲ್ಡರು. ಎಲ್ಲ ಫೋಲ್ಡರುಗಳೂ ವಿಜಯಪುರದ ದೊಡ್ಡ ಮಷೀನಿನಲ್ಲಿ ಭದ್ರವಾಗಿರುತ್ತವೆ. ಯಾರ ಫೋಲ್ಡರು ನಿಮ್ಮ ಪರದೆಯ ಮೇಲೆ ಕಾಣಬೇಕೋ ಅವರ ಹೆಸರಿನ ಮುಂದೆ ಒಂದು ಟಿಕ್ ಹಾಕಬೇಕು. ಟಿಕ್ ತೆಗೆದರೆ ನಿಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಒಳಗಿನ ಒಂದು ಪತ್ರವೂ ಅಳಿಯುವುದಿಲ್ಲ. ನಮ್ಮ ಕಸುಬಿನವರು ಇದಕ್ಕೆ ಫೋಲ್ಡರ್ ಸಬ್‌ಸ್ಕ್ರಿಪ್ಶನ್ ಎನ್ನುತ್ತಾರೆ. ಈ ಟಿಕ್ಕು ಎಲ್ಲ ಶಾಖೆಗಳಲ್ಲೂ ಸರಿಯಾಗಿ ಬೀಳುತ್ತದೋ, ಏಳುತ್ತದೋ ಎಂದು ಊರೂರು ತಿರುಗಿ ನೋಡಿ ಬರುವ ಪಾಳಿ ನನ್ನದಾಯಿತು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಆ ಟಿಕ್ಕಿನ ಕೋಡು ಬರೆದವಳು ನನ್ನ ಪಕ್ಕದ ಟೇಬಲ್ಲಿನ ಹುಡುಗಿ. ಅವಳ ಅಪ್ಪ ಅದೇ ಸಂಘದ ಮುದ್ದೇಬಿಹಾಳ ಶಾಖೆಯ ಮ್ಯಾನೇಜರು. ಬಾಗೇವಾಡಿ ಶಾಖೆಯ ಮ್ಯಾನೇಜರ ಮಗನಿಗೆ ಅವಳನ್ನು ಕೊಡುವ ಮಾತು ಮುಗಿದಿತ್ತು. ನಿಶ್ಚಯ ಕಾರ್ಯ ಬರುವ ರವಿವಾರಕ್ಕಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮನಸಾರೆ ಒಪ್ಪಿದ್ದರು. ಹಿರಿಯರು ಮಾತ್ರ ಇನ್ನೂ ಒಬ್ಬರ ಮುಖ ಒಬ್ಬರು ನೋಡಿ ಅಳೆಯುತ್ತಿದ್ದರು. ನಾನು ಹೊರಟಾಗ ಹುಡುಗಿ ಕೈ ಹಿಡಿದುಕೊಂಡಳು.

“ಅಕ್ಕಾ, ನಮ್ಮಪ್ಪ ಮೊದಲ ಅಂಜುಬುರುಕ. ಬೀಗರಂತೂ ಸಣ್ಣ ಮಾತಿಗೂ ಮನಸಿಗೆ ಹಚ್ಚಿಕೊಳ್ಳೂ ಮಂದಿ. ನಿಮ್ಮ ಪರೀಕ್ಷಾದಾಗ ನನ್ನ ಲಗ್ನ ಫೇಲ್ ಮಾಡಬ್ಯಾಡ್ರಿ.”

“ಹುಚ್ಚಿ, ಟಿಕ್ಕಿಗೂ ಲಗ್ನಕ್ಕೂ ಏನ ಸಂಬಂಧ?” ಎಂದು ನಕ್ಕು ಬಸ್ ಹತ್ತಿದೆ.

ಇಂಡಿ

ಇಂಡಿಯ ಕಚೇರಿಯ ತುಂಬ ನಿಂಬೆಹಣ್ಣಿನ ವಾಸನೆ. ಹೆಡ್ ಕ್ಲಾರ್ಕು ಕಂಪ್ಯೂಟರಿನ ಮುಂದೆ ಕೂತರು. ನಾನು ಹಿಂದೆ ನಿಂತು, “ಸಿಂದಗಿ ಟಿಕ್ ತಗೀರಿ” ಎಂದೆ. ತೆಗೆದರು. ಪರದೆಯ ಮೇಲಿಂದ ಸಿಂದಗಿ ಮಾಯವಾಯಿತು.

ಅವರು ಕುರ್ಚಿಯಿಂದ ಸಿಡಿದೆದ್ದವರೇ ಹೋಗಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರು.

“ಯಾಕ್ರೀ, ಏನಾತು?”

“ಸಾವಕಾಶ ಮಾತಾಡ್ರಿ ಮೇಡಂ! ಹೊರಗ ಗೊತ್ತಾಗಬಾರ್ದು. ಸಿಂದಗಿ ಪೂರಾ ಹೋತು!”

ಅಷ್ಟರಲ್ಲಿ ಆಚೆ ಕೋಣೆಯಿಂದ ಮ್ಯಾನೇಜರು ಬಂದು ಇಣುಕಿದರು. ಪರದೆ ನೋಡಿದರು. ಚಪ್ಪಲಿ ಮೆಟ್ಟಿಕೊಂಡು, “ನಾ ಇವತ್ತ ಆಫೀಸಿಗೆ ಬಂದೇ ಇಲ್ಲ, ತಿಳೀತಿಲ್ಲೋ?” ಎಂದು ಹಿಂಬಾಗಿಲ ಕಡೆ ನಡೆದರು. ಅವರನ್ನು ತೋಳು ಹಿಡಿದು ಕೂಡಿಸಿ ಮತ್ತೆ ಟಿಕ್ ಹಾಕಿ ತೋರಿಸಿದೆ. ಸಿಂದಗಿ ಇದ್ದ ಹಾಗೇ ಬಂತು. ಹೆಡ್ ಕ್ಲಾರ್ಕು ಬೆವರು ಒರೆಸಿಕೊಂಡು ಕೇಳಿದರು, “ನಡುವ ಎಲ್ಲಿ ಹೋಗಿತ್ತರೀ ಇದು?”

“ಎಲ್ಲಿಗೂ ಹೋಗಿಲ್ರಿ. ಅಲ್ಲೇ ಇತ್ತು. ನಿಮ್ಮ ಕಣ್ಣಿಗೆ ಕಾಣ್ತಿರಲಿಲ್ಲ.”

ಅವರು ಎರಡೂ ಕಣ್ಣು ಉಜ್ಜಿಕೊಂಡು ಮತ್ತೊಮ್ಮೆ ಪರದೆ ನೋಡಿದರು. ಮರುದಿನ ಉಳಿದ ಪರೀಕ್ಷೆ ಮುಗಿಸಲು ಹೋದರೆ ಮಧ್ಯಾಹ್ನದವರೆಗೆ ಅವರ ಪತ್ತೆಯಿಲ್ಲ. ಆಮೇಲೆ ನಗುತ್ತ ಬಂದರು.

“ಕಣ್ಣಿನ ಡಾಕ್ಟರ್ ಕಡೆ ಹೋಗಿದ್ನಿರಿ ಮೇಡಂ. ನನ್ನ ಕಣ್ಣು ಭಾಳ ಚಲೋ ಅದಾವಂತ. ಚಷ್ಮಾದ ನಂಬರ್ ಬಂದಿದ್ದು ನಿಮ್ಮ ಪ್ರೋಗ್ರಾಮಿಗೇ ಇರಬೇಕು, ತೋರಿಸಿಕೊಂಡ ಬರ್ರಿ.”

ಸಿಂದಗಿ

ಸಿಂದಗಿಯವರು ಬುದ್ಧಿವಂತರು. ಟಿಕ್ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಯಾರೂ ಬಾಗಿಲು ಹಾಕಲಿಲ್ಲ. ಖುಷಿಯಿಂದ ‘ಪರೀಕ್ಷೆ’ ಎಂಬ ಹೊಸ ಫೋಲ್ಡರೊಂದನ್ನು ಮಾಡಿ, “ಎಲ್ಲರೂ ಇದಕ್ಕೂ ಟಿಕ್ ಹಾಕ್ರಿ, ಇದರಾಗ ಹೊಸ ಪತ್ರ ಬಂದ್ರ ನಿಮಗ ಕಾಣಬೇಕು” ಎಂದು ಹೇಳಿ ಊರಿಗೆ ಮರಳಿದೆ. ಸಂಜೆ ಅವರ ಕಚೇರಿ ಮುಚ್ಚುವ ಮೊದಲೇ ಮನೆಯಲ್ಲಿ ಕೂತು ಆ ಫೋಲ್ಡರಿಗೆ ಮನಸ್ಸಿಗೆ ತೋಚಿದ ಹಾಗೆ ಒಂದು ಪತ್ರ ಬರೆದು ಹಾಕಿದೆ. “ನಾಳೆ ಕಚೇರಿಗೆ ರಜೆ.”

ಮರುದಿನ ಬೆಳಿಗ್ಗೆ ಸಿಂದಗಿಗೆ ಹೋಗಿ ನೋಡುತ್ತೇನೆ, ಬಾಗಿಲಿಗೆ ಇಷ್ಟು ದೊಡ್ಡ ಕೀಲಿ ಜಡಿದಿದ್ದಾರೆ! ಮೆಟ್ಟಿಲ ಮೇಲೆ ತೊಗರಿ ಮಾರಲು ಬಂದ ರೈತರು ಸಾಲಾಗಿ ಕೂತಿದ್ದಾರೆ. ಎದುರಿನ ಚಹಾದ ಅಂಗಡಿಯವನು ತಣ್ಣಗೆ ಹೇಳಿದ, “ಎಲ್ಲಾರೂ ಮ್ಯಾನೇಜರ್ ಸಾಹೇಬ್ರ ಹೊಲಕ್ಕ ಹೋಗ್ಯಾರ್ರಿ, ಸೀತನಿ ತಿನ್ನಾಕ. ವಿಜಾಪುರದಿಂದ ಯಾರೋ ಮೇಡಂ ರಜೆ ಕೊಟ್ಟಾರಂತ.”

ಆಟೋ ಹಿಡಿದು ಹೊಲಕ್ಕೆ ಓಡಿದೆ. ಇಡೀ ಶಾಖೆ ಬೆಂಕಿಯ ಸುತ್ತ ಕೂತು ಎಳೆ ಜೋಳದ ತೆನೆ ಸುಟ್ಟು, ಉಜ್ಜಿ, ಶೇಂಗಾ ಚಟ್ನಿ ಬೆಲ್ಲದ ಜೊತೆ ಮುಕ್ಕುತ್ತಿತ್ತು. ಮ್ಯಾನೇಜರು ಮಸಿ ಬಡಿದ ಬಾಯಿ ಒರೆಸಿಕೊಳ್ಳುತ್ತ ಎದ್ದು ನಿಂತರು. “ಬರ್ರಿ, ಬರ್ರಿ ಮೇಡಂ. ನೀವ ರಜೆ ಕೊಟ್ಟು ನೀವ ತಡಾ ಮಾಡಿದ್ರಿ.”

“ಅದು ಸುಳ್ಳು ಪತ್ರರೀ! ಪತ್ರ ಮುಟ್ಟತೈತೋ ಇಲ್ಲೋ ನೋಡಾಕ ಹಾಕಿದ್ದೆ!” ನನಗೆ ಅಳು ಬರುವುದೊಂದು ಬಾಕಿ.

ಅವರು ನನ್ನ ಕೈಯಲ್ಲಿ ಒಂದು ಮುಷ್ಟಿ ಬಿಸಿ ಸೀತನಿ ಹಾಕಿದರು. “ಮುಟ್ಟೈತಲ್ರೀ. ಇಷ್ಟು ಲಗೂ ಮುಟ್ಟಿ, ಎಲ್ಲಾರೂ ಪಾಲಿಸಿದ ಪತ್ರ ನಮ್ಮ ಸಂಘದಾಗ ಇದ ಮೊದಲು.”

ಮುದ್ದೇಬಿಹಾಳ

ಮುದ್ದೇಬಿಹಾಳಕ್ಕೆ ಹೋಗುವಾಗ ಹುಡುಗಿಯ ಮಾತು ನೆನಪಿನಲ್ಲಿತ್ತು. ಆದರೆ ಪರೀಕ್ಷೆ ಪರೀಕ್ಷೆಯೇ. ಎಲ್ಲಕ್ಕಿಂತ ಹೆಚ್ಚು ಪತ್ರವಿರುವ ಫೋಲ್ಡರಿನ ಟಿಕ್ಕನ್ನು ತೆಗೆದು, ಮತ್ತೆ ಹಾಕಿ ನೋಡಬೇಕೆಂದು ನಮ್ಮ ನಿಯಮ. ಹೆಚ್ಚು ಪತ್ರವಿದ್ದದ್ದು ಬಾಗೇವಾಡಿಯಲ್ಲಿ.

“ಬಾಗೇವಾಡಿ ಟಿಕ್ ತಗೀರಿ” ಎಂದೆ. ಹುಡುಗಿಯ ಅಪ್ಪ ಮೌಸಿನಿಂದ ಕೈಯನ್ನೇ ತೆಗೆದುಬಿಟ್ಟರು.

“ಬೀಗರನ್ನ? ನನ್ನ ಕೈಯಾರೆ? ಇಂಡಿ ತಗೀತೇನಿ ತಡೀರಿ ಮೇಡಂ, ಇಂಡಿಯವರು ನಮಗೇನೂ ಆಗಬೇಕಿಲ್ಲ.”

“ಅರ್ಧ ನಿಮಿಷದ ಕೆಲಸರೀ ಕಾಕಾ. ತಗದು ಹಾಕೂದು, ಮುಗೀತು.”

ಅವರು ಯೋಚಿಸಿದರು. ನಮ್ಮ ಕಡೆ ಬೀಗರಿಗೆ ಒಂದು ಮಾತು ತಿಳಿಸದೆ ಮನೆಗೆ ಸುಣ್ಣವನ್ನೂ ಬಳಿಸುವುದಿಲ್ಲ. ಅವರು ಫೋನ್ ತೆಗೆದೇಬಿಟ್ಟರು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ, “ಬೀಗ್ರ, ನಮಸ್ಕಾರ್ರಿ. ಏನಿಲ್ಲ, ನಿಮ್ಮನ್ನ ಒಂದ ಅರ್ಧ ನಿಮಿಷ ತಗದ ಹಾಕಾಕತ್ತೇನ್ರಿ. ಮನಸಿಗೆ ಹಚ್ಕೋಬ್ಯಾಡ್ರಿ. ಹಾಕಿದ ಕೂಡಲೇ ತಿಳಸ್ತೇನ್ರಿ” ಎಂದು ಇಟ್ಟರು. ಆ ಕಡೆಯಿಂದ ಬರೀ “ಹೂಂ” ಕೇಳಿಸಿತು. ಕಣ್ಣು ಮುಚ್ಚಿಕೊಂಡು ಟಿಕ್ ತೆಗೆದರು.

ಕರೆಂಟು ಹೋಯಿತು.

ಕರೆಂಟು ಬಂದದ್ದು ಊಟದ ಹೊತ್ತು ಕಳೆದ ಮೇಲೆ. ಓಡಿ ಹೋಗಿ ಟಿಕ್ ಹಾಕಿದರೆ ಅದು ನಿಲ್ಲಲೊಲ್ಲದು! ಹಾಕಿದ ಕೂಡಲೇ ತಾನಾಗಿಯೇ ಅಳಿಸಿಹೋಗುತ್ತದೆ. ತಿಂಗಳಾನುಗಟ್ಟಲೆ ಹುಡುಕಿದರೂ ಇಂಥ ತಪ್ಪು ಸಿಗುವುದಿಲ್ಲ. ನಾನು ನಿಂತ ಜಾಗದಲ್ಲೇ ಚಪ್ಪಾಳೆ ತಟ್ಟಿ, “ಸಿಕ್ತು!” ಎಂದು ಕೂಗಿದೆ. ತಿರುಗಿ ನೋಡಿದರೆ ಮ್ಯಾನೇಜರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅವರ ಫೋನು ಒಂದೇ ಸವನೆ ಬಡಿದುಕೊಳ್ಳುತ್ತಿತ್ತು. ಬೀಗರದು.

“ಎತ್ತರೀ ಕಾಕಾ!”

“ಏನಂತ ಎತ್ತಲಿ? ಇನ್ನೂ ಹೊರಗ ಅದೀರಿ, ಒಳಗ ಬರವಲ್ರಿ ಅನ್ಲೇನು?”

ನಾನು ವಿಜಯಪುರಕ್ಕೆ, ಹುಡುಗಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಟೇಬಲ್ಲಿನ ಮೇಲಿಟ್ಟೆ. “ನಿನ್ನ ಕೋಡಿನಾಗ ತಪ್ಪೈತಿ. ಕರೆಂಟ್ ಹೋಗಿ ಬಂದ್ರ ಟಿಕ್ ನಿಂದ್ರವಲ್ದು. ಬಾಗೇವಾಡಿ ಹೋಗೇಬಿಟ್ಟೈತಿ.”

“ಯಾರ ಮಷೀನದಾಗ, ಅಕ್ಕಾ?”

“ನಿಮ್ಮಪ್ಪಾರ.”

ಆ ಕಡೆ ಏನೋ ಕೆಳಗೆ ಬಿದ್ದ ಸದ್ದು. ಆಮೇಲೆ, “ಫೋನ್ ಇಡಬ್ಯಾಡ್ರಿ, ಈಗ ಸರಿ ಮಾಡ್ತೇನಿ” ಎಂದಳು. ಬೇಕಾಗಿ ಬೇಕಾಗಿ ಬಾಗೇವಾಡಿಯನ್ನೇ ತೆಗೆಸಿದವಳು ನಾನು.

ಅಷ್ಟರಲ್ಲಿ ಅಂಗಳದಲ್ಲಿ ಜೀಪು ಬಂದು ನಿಂತಿತು. ಬೀಗರು, ಅವರ ಹೆಂಡತಿ, ಹಿಂದೆ ರುಮಾಲು ಸುತ್ತಿದ ಇಬ್ಬರು ಹಿರಿಯರು. ಲಗ್ನ ಮುರಿಯಲು ಹಿರಿಯರನ್ನು ಕರೆದುಕೊಂಡೇ ಬಂದಿದ್ದಾರೆ ಎಂದುಕೊಂಡೆವು. ಹುಡುಗಿಯ ಅಪ್ಪ ಎದ್ದು ನಿಂತರು. ಮೊದಲು ಮಾತಾಡಿದವರು ಬೀಗರು.

“ನಮ್ಮ ಕಡಿಂದ ಏನ ತಪ್ಪಾತು, ಅದನ್ನ ಒಂದ ಹೇಳಿಬಿಡ್ರಿ.”

ಬೀಗತಿಗೆ ತಡೆಯಲಾಗಲಿಲ್ಲ. “ಅವತ್ತ ನಮ್ಮ ಮನಿ ಉಪ್ಪಿಟ್ಟಿನಾಗ ಹರಳು ಸಿಕ್ಕಿತ್ತೇನ್ರಿ? ನನಗ ಅವಾಗ ಅನಿಸಿತ್ತು!”

“ಉಪ್ಪಿಟ್ಟಲ್ಲ” ಎಂದರು ಬೀಗರು ತಲೆ ತಗ್ಗಿಸಿ. “ಹುಡುಗ ಬಿ.ಕಾಂ.ದಾಗ ಒಂದ ವಿಷಯ ಫೇಲಾಗಿ ಮತ್ತ ಕಟ್ಟಿದ್ದ. ಮುಚ್ಚಿಟ್ಟಿದ್ವಿ. ಅದು ನಿಮಗ ತಿಳಿದೈತಿ, ಹೌದಲ್ರಿ?”

“ಮುಂಜಾನೆ ಲಗೂ ಏಳೂದೂ ಇಲ್ಲ” ಎಂದು ಹಿರಿಯರೊಬ್ಬರು ಕೇಳದಿದ್ದರೂ ಸೇರಿಸಿದರು.

ಹುಡುಗಿಯ ಅಪ್ಪ ಕರಗಿಯೇಹೋದರು. ಮುಂದೆ ಹೋಗಿ ಬೀಗರ ಎರಡೂ ಕೈ ಹಿಡಿದುಕೊಂಡರು. “ಅಯ್ಯ, ನಿಮ್ಮದೇನೂ ತಪ್ಪಿಲ್ರಿ! ಮುಚ್ಚಿಟ್ಟವ ನಾನು. ನಮ್ಮ ಮಗಳಿಗೆ ರೊಟ್ಟಿ ಬಡಿಯಾಕ ಬರೂದಿಲ್ರಿ. ನಮ್ಮ ಮನಿಗೆ ಬಂದಾಗ ನೀವು ಹೊಗಳಿ ಹೊಗಳಿ ಉಂಡ ರೊಟ್ಟಿ ಖಾನಾವಳಿಯವು!”

“ಅಪ್ಪಾ!” ಎಂದು ಟೇಬಲ್ಲಿನ ಮೇಲಿನ ಫೋನು ಚೀರಿತು.

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಹುಡುಗಿ ಅಷ್ಟೂ ಕೇಳಿಸಿಕೊಂಡಿದ್ದಳು! ಆಮೇಲೆ ಫೋನೇ ಕೇಳಿತು, “ಮಾವಾರ, ಯಾವ ವಿಷಯದಾಗ ಫೇಲಾಗಿದ್ರು?”

“ಕಂಪ್ಯೂಟರಿನಾಗ, ಯವ್ವಾ” ಎಂದರು ಬೀಗರು ಸಣ್ಣ ದನಿಯಲ್ಲಿ.

“ಇರಲಿ ಬಿಡ್ರಿ, ಅದನ್ನ ನಾ ಅವರಿಗೆ ಕಲಿಸ್ತೇನಿ. ರೊಟ್ಟಿ ಬಡಿಯೂದು ಅವರ ನನಗ ಕಲಿಸಲಿ. ಅಪ್ಪಾ, ಕೋಡ್ ಸರಿ ಆತು, ಈಗ ಟಿಕ್ ಹಾಕು.”

ಅಪ್ಪ ಹಾಕಿದರು. ಟಿಕ್ಕು ನಿಂತಿತು. ಬಾಗೇವಾಡಿ ಅಷ್ಟೂ ಪತ್ರಗಳ ಸಮೇತ ಬಂತು. ಬೀಗತಿ ಕಣ್ಣೊರೆಸಿಕೊಂಡು ಪರದೆಗೆ ಕೈ ಮುಗಿದರು.

ಬಸವನ ಬಾಗೇವಾಡಿ

ಇಲ್ಲಿಗೆ ಮುಗಿಯಬೇಕಿತ್ತು. ಹುಡುಗಿಯ ಅಪ್ಪ ಸಮಾಧಾನದಿಂದ ಚಹಾ ಹೇಳಿ, ಸುಮ್ಮನೆ ಮಾತಿಗೆಂದು ಕೇಳಿದರು. “ನಿಮ್ಮ ಮಷೀನದಾಗ ನಾವು ಹೆಂಗ ಕಾಣ್ತೇವ್ರಿ, ಬೀಗ್ರ?”

ಬೀಗರು ರುಮಾಲಿನ ಹಿರಿಯರನ್ನು ನೋಡಿದರು, ಆಮೇಲೆ ತಲೆಯೆತ್ತಿ ಛತ್ತು ನೋಡಿದರು. “ನಮ್ಮಲ್ಲಿ ನೀವು ಇನ್ನೂ ಬಂದೇ ಇಲ್ರಿ. ಟಿಕ್ ಹಾಕೂದು ನನಗ ತಿಳಿಯವಲ್ದು. ಮೇಡಂ ಬಂದ ಮ್ಯಾಲ ಹಾಕಿದ್ರಾತು ಅಂತ...”

ಬೀಗತಿ ದಿಗ್ಗನೆ ಎದ್ದರು. “ಏನಂದ್ರಿ? ಅವರು ಅರ್ಧ ದಿನ ತಗದಿದ್ದಕ್ಕ ಜೀಪ್ ಮಾಡ್ಕೊಂಡ ಬಂದೀರಿ, ನೀವು ಹಾಕೇ ಇಲ್ಲ? ಚಾ ಆಮ್ಯಾಲ. ಏಳ್ರಿ ಎಲ್ಲಾರೂ!”

ಯಾರಿಗೂ ಎದುರಾಡುವ ಧೈರ್ಯವಿರಲಿಲ್ಲ. ನನ್ನನ್ನೂ, ಹುಡುಗಿಯ ಅಪ್ಪನನ್ನೂ, ಮಾತಾಡುತ್ತಲೇ ಇದ್ದ ಫೋನನ್ನೂ ಜೀಪಿನಲ್ಲಿ ತುಂಬಿಕೊಂಡರು. ಬಾಗೇವಾಡಿಯ ಕಚೇರಿ ಬೀಗರ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಬೀಗತಿ ಹೊಸ್ತಿಲಲ್ಲೇ ನಮ್ಮ ಕಾಲಿಗೆ ನೀರು ಕೊಟ್ಟರು. ಒಳಗೋಡಿ ಕುಂಕುಮ ತಂದು ಮಾನಿಟರಿಗೆ ಹಚ್ಚಿದರು. ಹಿರಿಯರು ಎಲೆ ಅಡಿಕೆ, ಕಾಯಿ ತರಿಸಿದರು.

“ಟಿಕ್ಕಿಗೆ ಇದೆಲ್ಲ ಜರೂರಿಲ್ರಿ” ಎಂದೆ.

“ನಿಮಗ ಗೊತ್ತಾಗೂದಿಲ್ಲ, ನೀವು ಸುಮ್ಮನಿರ್ರಿ” ಎಂದರು ಹಿರಿಯರು.

ಮೌಸಿನ ಮೇಲೆ ಬೀಗರು ಕೈಯಿಟ್ಟರು. ಅವರ ಕೈ ಮೇಲೆ ಹುಡುಗಿಯ ಅಪ್ಪ ಕೈಯಿಟ್ಟರು. ನಾನು ಬಾಣದ ಗುರುತಿಗೆ ದಾರಿ ತೋರಿಸಿ ಅದನ್ನು ಮುದ್ದೇಬಿಹಾಳದ ಹತ್ತಿರ ಒಯ್ದೆ. ಟಿಕ್ಕು ಬಿತ್ತು. ಕಾಯಿ ಒಡೆಯಿತು. ನೀರು ಕೀಬೋರ್ಡಿನ ಮೇಲೆ ಚಿಮ್ಮಿತು. ಎಲ್ಲರ ಬಾಯಿಗೂ ಸಕ್ಕರೆ ಬಿತ್ತು. ದೊಡ್ಡ ಹಿರಿಯರು ರುಮಾಲು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು.

“ಬೀಗರು ಬೀಗರ ಮನಿಗೆ ಬಂದಾರ. ಕಾಯಿ ಒಡದೈತಿ, ಸಕ್ರಿ ತಿಂದೇವಿ, ಹಿರ್ಯಾರು ಅದೀವಿ. ಇನ್ನ ರವಿವಾರದ ಹಾದಿ ಯಾಕ ಕಾಯೂದು? ನಿಶ್ಚಯ ಆತು.”

ನನ್ನ ಕೈಯಲ್ಲಿದ್ದ ಫೋನು ಕೇಳಿತು, “ಅಕ್ಕಾ, ಟಿಕ್ ನಿಂತೈತೇನ್ರಿ?”

“ನಿಂತೈತಿ, ತಂಗಿ. ನಿನ್ನ ನಿಶ್ಚಯಾನೂ ಆತು.”

“ಏನಾತು?”

“ನಿಶ್ಚಯ.”

“ನಾ ಇಲ್ಲೇ ವಿಜಾಪುರದಾಗ ಕುಂತೇನಲ್ರೀ ಅಕ್ಕಾ!”

ಅಷ್ಟರಲ್ಲಿ ಬಾಗಿಲಲ್ಲಿ ಮೋಟರ್‌ಸೈಕಲ್ಲು ನಿಂತಿತು. ಮನಗೂಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಹುಡುಗ, ಅಪ್ಪ ಹಿರಿಯರನ್ನು ಜೀಪಿನಲ್ಲಿ ಕರೆದೊಯ್ದ ಸುದ್ದಿ ಕೇಳಿ ಅಂಗಡಿ ಹಾಗೇ ಬಿಟ್ಟು ಬಂದಿದ್ದ. ಹೆಲ್ಮೆಟ್ಟು ತೆಗೆಯುವುದನ್ನೂ ಮರೆತು ಒಳಗೆ ನುಗ್ಗಿದ.

“ಯವ್ವಾ, ಏನಾತು? ಲಗ್ನ ಮುರೀತೇನು?”

ತಾಯಿ ಹೆಲ್ಮೆಟ್ಟಿನ ಗಾಜು ಮೇಲಕ್ಕೆತ್ತಿ ಅವನ ಬಾಯಿಗೆ ಒಂದು ಚಿಮಟಿ ಸಕ್ಕರೆ ಹಾಕಿದರು.

“ಇಲ್ಲೋ, ನಿಂದ ನಿಶ್ಚಯ ಆತು. ಅಲ್ಲೇ ನಿಂದ್ರಬ್ಯಾಡ, ಲಗೂ ಹೋಗಿ ಎಲ್ಲಾರಿಗೂ ಚಾ ಹೇಳಿ ಬಾ.”